ಎರಡು ಕಚೇರಿ, ಒಂದು ಪಗಾರ

ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮುಗಿಸಿ ಹುಡುಗ ಸವಣೂರಿಗೆ ಬಂದಿಳಿದ. ಮುಂಗೈ ತುಂಬ ಬಣ್ಣಬಣ್ಣದ ಪಟ್ಟಿ. ಖಾರದಂಗಡಿ ಕಾಕಾನಿಗೆ ಗಾಬರಿ.

“ಯಾವ ದವಾಖಾನ್ಯಾಗಿದ್ದೆಪಾ ತಮ್ಮಾ?”

“ಕಾನ್ಸರ್ಟಿನ ಪಟ್ಟಿ ಕಾಕಾ. ಬೇಸಿಗಿ ತುಂಬ ಕಚೇರಿಗೆ ಹೋಗೀನಿ.”

“ಭೇಷ್! ಪಗಾರ?”

“ಒಂದು ಕಚೇರಿ ಕೊಟ್ಟಿದ್ದನ್ನ ಇನ್ನೊಂದು ಕಚೇರಿ ತಗೊಂತು.”

“ಹಾಡು ಹೆಂಗಿದ್ವು?”

“ಇನ್ನೂ ಕೇಳಿಲ್ಲ. ಎಲ್ಲಾ ರೆಕಾರ್ಡ್ ಮಾಡೀನಿ.”

ಮಾತು ಇಂಗ್ಲಿಷ್ ಗಾಯಕ ಎಡ್ ಶೀರನ್ ಕಡೆ ಹೊರಳಿತು. 2025ರ ಫೆಬ್ರುವರಿಯಲ್ಲಿ ಆತ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ನಿಂತು ಹಾಡುತ್ತಿದ್ದಾಗ ಪೊಲೀಸರು ಮೈಕಿನ ವೈರು ಕಿತ್ತಿದ್ದರು.

“ಪುಕ್ಕಟೆ ಹಾಡಿದ್ರ ಯಾರಿಗಾದ್ರೂ ಅನುಮಾನ ಬರತೈತಿ. ಟಿಕೆಟ್ ಇಟ್ಟಿದ್ರ ಅವರs ಕಾವಲು ನಿಲ್ತಿದ್ರು,” ಅಂದ ಕಾಕಾ.

“ನಮ್ಮ ಕಡೆ ಮ್ಯೂಸಿಕ್ ಏನೈತಿ ಹೇಳ್ರಿ?”

“ಏನೂ ಇಲ್ಲಪಾ. ಹಾನಗಲ್ಲ ತಾಲ್ಲೂಕಿನ ದೇವಗಿರ್ಯಾಗ 1914ರಾಗ ಪುಟ್ಟರಾಜ ಗವಾಯಿಗಳು ಹುಟ್ಟಿದ್ರು, 2010ರಾಗ ಪದ್ಮಭೂಷಣ ಬಂತು, ಅಷ್ಟs. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಾಗ, ಪಾಪ, ಹೆಸರಿನ್ಯಾಗ ಹಾನಗಲ್ಲ ಹೊತ್ಕೊಂಡು ದೇಶ ತಿರುಗಿದ್ರು. ಶಿಗ್ಗಾವಿ ಕಡೆ ಶಿಶುನಾಳದಾಗ ಶರೀಫಜ್ಜನ ಪದಾ ಹಾಡ್ತಾರ.”

“ಶರೀಫಜ್ಜಂದು ಮುಂದಿನ ಶೋ ಯಾವಾಗ?”

“1889ರಾಗs ಹೋದ್ರಪಾ. ಭಜನಿ ಮಾತ್ರ ನಡದೈತಿ.”

“ಎಂಟ್ರಿ ಎಷ್ಟು?”

“ಪುಕ್ಕಟೆ. ಮ್ಯಾಲೆ ಪ್ರಸಾದ.”

ಹುಡುಗ ಮುಖ ಕಿವುಚಿದ. “ಹಂಗಾದ್ರ ಕ್ವಾಲಿಟಿ ಇರಾಂಗಿಲ್ಲ ಬಿಡ್ರಿ ಕಾಕಾ.”