ಗಜ್ಜರಿಗೆ ಸೈ, ರೊಟ್ಟಿಗೆ ಕೈ

ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಾಗ ನಿಂತು ಗಿರ್ಮಿಟ್ ತಿನ್ನುವವರು ಒಂದು ಸಂಗತಿ ನೋಡಿರಬೇಕು. ದಿನಕ್ಕೆ ಬುಟ್ಟಿಗಟ್ಟಲೆ ಉಳ್ಳಾಗಡ್ಡಿ ಹೆಚ್ಚುವ ಗಾಡಿಯವನ ಹತ್ತಿರ ಇರುವುದು ಒಂದು ಚಾಕು, ಒಂದು ಹಲಗೆ. ವಾರಕ್ಕೆ ಒಂದು ಕಿಲೋ ಉಳ್ಳಾಗಡ್ಡಿ ಕೊಂಡೊಯ್ಯುವ, ಅದರಲ್ಲೂ ಎರಡು ಮೊಳಕೆ ಬಂತೆಂದು ಚೆಲ್ಲುವ ನಮ್ಮ ಸಾಹೇಬರ ಮನೆಯಲ್ಲಿ ಫುಡ್ ಪ್ರೊಸೆಸರ್ ಇದೆ.

ಈ ಯಂತ್ರವನ್ನು ಮನೆಗೆ ತರುವವರು ಬಹುಮಟ್ಟಿಗೆ ಅಡುಗೆ ಮಾಡದವರು. ದೀಪಾವಳಿಯ ರಿಯಾಯಿತಿಯಲ್ಲಿ ಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, "ನಿನಗ ಆರಾಮ ಆಗ್ಲಿ ಅಂತ ತಂದೇನಿ ನೋಡು" ಎಂದು ಯಜಮಾನರು ಹೇಳುತ್ತಾರೆ. ಹೆಂಡತಿ ಡಬ್ಬಿ ಬಿಚ್ಚುತ್ತಾಳೆ. ಒಂದು ಮೋಟರು, ಮೂರು ಜಾರು, ಒಂದು ದೊಡ್ಡ ಬೋಗುಣಿ, ತುರಿಯುವ ಬಿಲ್ಲೆ, ಹೋಳು ಮಾಡುವ ಬಿಲ್ಲೆ, ಕಣಕ ನಾದುವ ಬ್ಲೇಡು, ಮೋಸಂಬಿ ಹಿಂಡುವ ಟೊಪ್ಪಿಗೆ ಒಂದೊಂದಾಗಿ ಹೊರಬರುತ್ತವೆ. ಅಡುಗೆಮನೆ ಕಟ್ಟೆ ತುಂಬಿ, ಉಳಿದದ್ದು ಊಟದ ಮೇಜಿಗೆ ಹತ್ತುತ್ತದೆ. ಆಮೇಲೆ ಆಕೆ ಕೇಳುವುದು ಒಂದೇ ಪ್ರಶ್ನೆ: "ಇದನ್ನೆಲ್ಲಾ ಇಡೂದು ಎಲ್ಲಿ ರೀ?"

ಅಂಗಡಿಯಲ್ಲಿ ಡೆಮೊ ತೋರಿಸುವವನನ್ನು ಗಮನಿಸಿದ್ದೀರಾ? ಅವನ ಮುಂದೆ ಯಾವಾಗಲೂ ಗಜ್ಜರಿಯೇ. ಬದನೀಕಾಯಿ ಇಲ್ಲ, ಬೆಂಡೀಕಾಯಿಯಂತೂ ಇಲ್ಲವೇ ಇಲ್ಲ. ಗಜ್ಜರಿಗೆ ರಸ ಕಡಿಮೆ, ಲೋಳೆ ಇಲ್ಲ, ನೆಟ್ಟಗೆ ಕೊಳವೆಗೆ ಇಳಿಯುತ್ತದೆ, ಬಣ್ಣದ ತುರಿ ಗುಡ್ಡೆಯಾಗಿ ಬೀಳುತ್ತದೆ. ಅಂಥ ಒಂದು ಡೆಮೊದ ಎದುರು ನಿಂತಿದ್ದ ಇಳಕಲ್ ಸೀರೆಯ ಅಜ್ಜಿಯೊಬ್ಬಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿದಳು:

"ತಮ್ಮಾ, ಇದು ಜ್ವಾಳದ ಹಿಟ್ಟು ನಾದತೈತೇನು?"

"ನಾದತೈತ್ರಿ ಯವ್ವಾ. ಎಲ್ಲಾ ಹಿಟ್ಟೂ ನಾದತೈತಿ."

"ರೊಟ್ಟಿ ಬಡೀತೈತೇನು?"

"ಬಡಿಯೂದಿಲ್ರಿ."

"ಹಂಗಾರ ಅರ್ಧಾ ಕೆಲಸಕ್ಕ ಪೂರಾ ರೊಕ್ಕ ಯಾಕ ಕೊಡ್ಲಿ?"

ಹುಡುಗ ಇನ್ನೊಂದು ಗಜ್ಜರಿ ತುರುಕಿದ.

ಅಜ್ಜಿಯ ಪ್ರಶ್ನೆಯಲ್ಲಿ ವಿಜ್ಞಾನವೂ ಇತ್ತು. ಗೋಧಿಯಲ್ಲಿ ಗ್ಲುಟೆನ್ ಇದೆ, ತಿರುಗಿಸಿದಷ್ಟೂ ಎಳೆ ಕೂಡಿ ಕಣಕ ಹದಕ್ಕೆ ಬರುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಅದನ್ನು ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ತಿಕ್ಕಿ ನಾದಬೇಕು. ಬ್ಲೇಡಿಗೆ ಆ ಹದ ಗೊತ್ತಾಗುವುದಿಲ್ಲ. ಗೊತ್ತಾಗಬೇಕೆಂದು ಅದನ್ನು ಮಾಡಿದವರೂ ಬಯಸಿರಲಿಲ್ಲ. ಫ್ರಾನ್ಸಿನ ಪಿಯರ್ ವೆರ್ಡನ್ ಎಂಬಾತ ಹೋಟೆಲ್ ಅಡುಗೆಮನೆಗಳಿಗಾಗಿ ಇಂಥ ಯಂತ್ರ ರೂಪಿಸಿದ. 1973ರಲ್ಲಿ ಕಾರ್ಲ್ ಸೋಂಥೈಮರ್ ಅದನ್ನು ಕ್ವಿಸಿನಾರ್ಟ್ ಹೆಸರಿನಲ್ಲಿ ಅಮೆರಿಕದ ಮನೆಗಳಿಗೆ ತಂದ. ಇಬ್ಬರಿಗೂ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಗೊತ್ತಿರಲಿಕ್ಕಿಲ್ಲ.

ನಮ್ಮ ಮಿಕ್ಸರಿನ ಕಥೆ ಬೇರೆ. ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ನಮ್ಮ ಅಡುಗೆಗೆ ತಾಳದೆ ಸುಟ್ಟಿತು. ಪತ್ನಿ ಮಾಧುರಿಯವರಿಗಾಗಿ ಗಟ್ಟಿ ಮೋಟರಿನ ಯಂತ್ರವೊಂದನ್ನು ಅವರು ಮಾಡತೊಡಗಿದರು. ಅದೇ 1963ರ ಸುಮೀತ್. ಮಸಾಲೆಗೆ ಸೋತು, ಮಸಾಲೆಗಾಗಿಯೇ ಹುಟ್ಟಿದ ಯಂತ್ರ. ಅದಕ್ಕೇ ಅದು ನಮ್ಮ ಮನೆ ಮಗಳಾಯಿತು, ಫುಡ್ ಪ್ರೊಸೆಸರ್ ಇನ್ನೂ ಬೀಗರಂತೆ ಅಟ್ಟದ ಮೇಲೆ ಕೂತಿದೆ.

ಹಾಗಂತ ಮಿಕ್ಸರಿಗೂ ಎಲ್ಲ ಬರುವುದಿಲ್ಲ. ಖಾಲಿ ಓಡಿದರೆ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ತಿರುಗುವ ಅದಕ್ಕೆ ಶೇಂಗಾ ಚಟ್ನಿ ಕೊಟ್ಟು ನೋಡಿ. ಬಿಸಿಗೆ ಶೇಂಗಾ ಎಣ್ಣೆ ಬಿಡುತ್ತದೆ, ಕೈ ತೆಗೆಯುವುದರೊಳಗೆ ಅದು ಅಮೆರಿಕದವರು ಬ್ರೆಡ್ಡಿಗೆ ಹಚ್ಚುವ ಬೆಣ್ಣೆಯಾಗಿರುತ್ತದೆ. ಒಳ್ಳಿನಲ್ಲಿ ಕುಟ್ಟಿದ ಚಟ್ನಿಯಲ್ಲಿ ಬಳ್ಳೊಳ್ಳಿ ಒಂದು ಕಡೆ ಸಿಗಬೇಕು, ಶೇಂಗಾದ ತರಿ ಇನ್ನೊಂದು ಕಡೆ ಹಲ್ಲಿಗೆ ಸಿಗಬೇಕು. ಪ್ರೊಸೆಸರಿನ ಬೋಗುಣಿಯ ಬ್ಲೇಡು ಇದಕ್ಕಿಂತ ನಿಧಾನ ತಿರುಗುತ್ತದೆ, ಆದರೂ ಉಳ್ಳಾಗಡ್ಡಿ ಹಾಕಿ ಒಂದು ಕ್ಷಣ ಮೈಮರೆತರೆ ನೀರೊಡೆದು ಮುದ್ದೆ. ಆ ಉಳ್ಳಾಗಡ್ಡಿಯನ್ನು ಗಿರ್ಮಿಟ್‌ಗೆ ಹಾಕಿದರೆ ಚುರಮುರಿ ತಟ್ಟೆ ಮುಟ್ಟುವ ಮೊದಲೇ ಮೆತ್ತಗಾಗುತ್ತದೆ. ಗಾಡಿಯವ ಚಾಕು ಬಿಡದಿರುವುದು ಬಡತನದಿಂದಲ್ಲ, ಬುದ್ಧಿಯಿಂದ.

ಇಷ್ಟೆಲ್ಲ ಆಡಿಕೊಂಡ ಮೇಲೆ ಅದರ ಗುಣವನ್ನೂ ಹೇಳದಿದ್ದರೆ ಅನ್ಯಾಯ. ಹತ್ತು ಎಲೆ ಹಾಕುವ ಮನೆಯಲ್ಲಿ ಹಬ್ಬದ ದಿನ ಅದರ ಮುಂದೆ ನಿಲ್ಲುವವರಿಲ್ಲ. ಎರಡು ಕಿಲೋ ಗಜ್ಜರಿ ಹಲ್ವಾಕ್ಕೆ ಹೆರೆಯುತ್ತ ಬೆರಳ ಗಂಟು ಕೆತ್ತಿಸಿಕೊಂಡವರನ್ನು ಕೇಳಿ. ಪಚಡಿಗೆ ಸೌತಿಕಾಯಿ, ಮೂಲಂಗಿ, ಚಪಾತಿಯ ಕಣಕ ಎಲ್ಲವನ್ನೂ ಮಾತಾಡುತ್ತಲೇ ಮುಗಿಸಬಹುದು. ಮಣಿಕಟ್ಟು ಹಿಡಿದ, ಸಂಧಿವಾತದ ಕೈಗಳಿಗಂತೂ ಅದು ನಿಜವಾದ ಸಹಾಯ. ಅಂಥವರಿಗೆ "ನಮ್ಮವ್ವ ಈಳಿಗಿ ಮ್ಯಾಲ ನೂರ್ ಮಂದಿಗೆ ಹೆಚ್ಚತಿದ್ಲು" ಎಂದು ಉಪದೇಶ ಮಾಡುವ ಗಂಡಸರು ಮೊದಲು ಈಳಿಗೆಯ ಮುಂದೆ ತಾವು ಕೂತು ತೋರಿಸಲಿ.

ತೊಳೆಯುವುದೊಂದು ಉಳಿಯಿತು. ಹೆಚ್ಚಲು ಒಂದು ನಿಮಿಷ, ಬಿಲ್ಲೆಯ ಸಂದಿಯಿಂದ ಕೊತ್ತಂಬ್ರಿ ಎಳೆ ಬಿಡಿಸಲು ಹಳೆಯ ಹಲ್ಲುಜ್ಜುವ ಬ್ರಷ್ಷು. ಆರಾಮ ಆಗಲೆಂದು ತಂದವರು ಆ ಹೊತ್ತಿಗೆ ಟಿವಿ ಮುಂದೆ ಆರಾಮವಾಗಿರುತ್ತಾರೆ.

ಕೊಳ್ಳುವವರು ಕೊಳ್ಳಿ. ಆದರೆ ಮೊದಲು ಕಟ್ಟೆ ಅಳೆಯಿರಿ, ಅಟ್ಟಕ್ಕೆ ಹೋದ ಯಂತ್ರ ಮರಳಿ ಇಳಿಯುವುದಿಲ್ಲ. ಅಂಗಡಿಯವನಿಗೆ ಬಣ್ಣ ಕೇಳಬೇಡಿ. ಕಪ್ಲರ್, ಜಾರಿನ ವಾಷರ್ ಊರಲ್ಲೇ ಸಿಗುತ್ತವೆಯೇ ಎಂದು ಕೇಳಿ. ಯಂತ್ರ ನಿಂತರೆ ಬಾಯಿ ಬಡಿದುಕೊಳ್ಳುವ ಮೊದಲು ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ, ಕೂರದಿದ್ದರೆ ಅದು ತಿರುಗುವುದೇ ಇಲ್ಲ. ಆಮೇಲೆ ಅಡಿಯ ಕೆಂಪು ಗುಂಡಿ ಒತ್ತಿ. ಬಿಸಿಯಾಗಿ ತಾನೇ ಆರಿದ ಮೋಟರನ್ನು ಮತ್ತೆ ಎಬ್ಬಿಸುವ ಗುಂಡಿ ಅದು, ಅದನ್ನು ಒತ್ತಲಿಕ್ಕೆ ಮೆಕ್ಯಾನಿಕ್‌ಗೆ ರೊಕ್ಕ ಕೊಟ್ಟವರು ಬೇಕಾದಷ್ಟಿದ್ದಾರೆ. ಗಂಡ ಹೆಂಡತಿ ಇಬ್ಬರೇ ಇದ್ದೀರಾ? ಮಿಕ್ಸರ್ ಸಾಕು. ಮಿಕ್ಕ ರೊಕ್ಕದಲ್ಲಿ ವರ್ಷವಿಡೀ ವಾರಕ್ಕೊಮ್ಮೆ ದುರ್ಗದಬೈಲಿಗೆ ಬನ್ನಿ. ಗಿರ್ಮಿಟ್ಟಿನ ಜೊತೆಗೆ ಮಿರ್ಚಿಯೂ ಸಿಗುತ್ತದೆ, ತೊಳೆಯುವ ಕೆಲಸವೂ ಇಲ್ಲ.