ತುದಿಯಿಂದ ಬುಡಕ್ಕೆ

ಎಲ್ಲಿಗೆ ಹೋದರೂ ಮೊದಲು ಒಳಗೆ ಕಾಲಿಡುವುದು ನನ್ನ ಕೂದಲು. ನಾನು ಅದರ ಹಿಂದೆ. ಬೆಂಗಳೂರಿನ ಆಟೋದವರು ಅದನ್ನು ಕಂಡಿದ್ದೇ ತಮ್ಮಲ್ಲಿರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ "ವೇರ್ ಗೋಯಿಂಗ್ ಮೇಡಂ?" ಎನ್ನುತ್ತಾರೆ. "ಬನಶಂಕರಿಗ್ರೀ, ಮೀಟರ್ ಹಾಕ್ರಿ" ಎಂದರೆ ಮೀಟರಿಗೆ ಹೋಗಬೇಕಾದ ಕೈ ಗಾಳಿಯಲ್ಲೇ ನಿಲ್ಲುತ್ತದೆ.

"ಯಾವೂರು ಮೇಡಂ?"

"ಯಲ್ಲಾಪುರ."

"ಅದಲ್ಲ, ಮೂಲ ಊರು?"

ಮೂಲ ಊರಿಗೆ ಮೀಟರ್ ಹಾಕಿಸಿದರೆ ನನ್ನ ಸಂಬಳ ಸಾಲದು. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ನಮ್ಮ ಹಿರಿಯರೂ ಇದ್ದರು. ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರ ಮರಿಮಕ್ಕಳ ಮರಿಮಕ್ಕಳು ನಾವು, ಸಿದ್ದಿಗಳು. ಬರುವ ದಾರಿಯಲ್ಲಿ ಭಾಷೆ ಬದಲಾಯಿತು, ದೇವರು ಬದಲಾದರು, ಹೆಸರುಗಳೂ ಬದಲಾದವು. ಕೂದಲು ಮಾತ್ರ ಯಾರ ಮಾತೂ ಕೇಳದೆ ಸುರುಳಿ ಸುತ್ತಿಕೊಂಡೇ ಬಂತು.

ಎಳೆದರೆ ಹೆಗಲು ಮುಟ್ಟುವ ಈ ಕೂದಲು ಬಿಟ್ಟೊಡನೆ ಕಿವಿಯ ಮೇಲೆ ಹೋಗಿ ಕೂರುತ್ತದೆ. "ಉದ್ದ ಬಿಡಬಾರದೇನೇ?" ಎಂದು ಆಫೀಸಿನ ಗೆಳತಿಯರು ಕೇಳುತ್ತಾರೆ. ನಾನು ಬಿಟ್ಟೇ ಇದ್ದೇನೆ, ಅದೇ ಮೇಲೆ ಹತ್ತಿಕೊಂಡಿದೆ. ಅಮೆರಿಕದ ಕೇಶ ವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಲೋಕದ ಕೂದಲನ್ನೆಲ್ಲ ನೇರದಿಂದ ಬಿಗಿ ಸುರುಳಿಯವರೆಗೆ ನಾಲ್ಕು ವರ್ಗ ಮಾಡಿದ. ಆಮೇಲೆ ಬಂದವರು ಕೊನೆಯ ವರ್ಗದ ಕೊನೆಗೆ ಇನ್ನೊಂದು ಅಕ್ಷರ ಅಂಟಿಸಿದರು. ಅದರಂತೆ ನನ್ನದು 4ಸಿ. ಮೆಜೆಸ್ಟಿಕ್ಕಿನಲ್ಲಿ ನಿಂತು ಹೇಳಿದರೆ ಯಾರಾದರೂ ಪ್ಲಾಟ್‌ಫಾರಂ ತೋರಿಸಿಯಾರು.

ಒಮ್ಮೆ ಬ್ಯೂಟಿ ಪಾರ್ಲರಿಗೂ ಹೋಗಿಬಂದೆ. ಅಲ್ಲಿಯ ಹುಡುಗಿ ಒಣಗೂದಲಿಗೆ ಬುಡದಿಂದಲೇ ಬಾಚಣಿಗೆ ಹಾಕಿದಳು. ಎರಡು ಬಾಚಣಿಗೆಗಳ ಹಲ್ಲು ಉದುರಿದ ಮೇಲೆ "ಸ್ಮೂತನಿಂಗ್ ಮಾಡಿಸಿಬಿಡಿ ಅಕ್ಕಾ" ಎಂದಳು. ರಾಸಾಯನಿಕ ಹಚ್ಚಿ ಕೂದಲಿನೊಳಗಿನ ಬೆಸುಗೆ ಬಿಡಿಸಿ, ಕಾದ ಕಬ್ಬಿಣದಿಂದ ಇಸ್ತ್ರಿ ಮಾಡುವ ಕೆಲಸ ಅದು. ಮಾಡಿಸಿದೆ. ಮೊದಲ ತಿಂಗಳು ಕನ್ನಡಿಯಲ್ಲಿ ಬೇರೆ ಯಾರೋ ಇದ್ದರು. ಆದರೆ ಬುಡದಿಂದ ಹೊಸದಾಗಿ ಹುಟ್ಟುವ ಕೂದಲಿಗೆ ಪಾರ್ಲರಿನ ರಸೀದಿ ಕಾಣುವುದಿಲ್ಲ. ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಅದು ತನ್ನ ಪಾಡಿಗೆ ಸುರುಳಿಯಾಗಿಯೇ ಬಂತು. ಆರು ತಿಂಗಳಿಗೆ ನನ್ನ ತಲೆ, ಹುಲ್ಲು ಹೊದಿಸಿದ ಮಾಡಿನ ಕೆಳಗೆ ಪೊದೆ ಬೆಳೆದಂತಾಗಿತ್ತು.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ನೋಡಿ ಬೈಯಲಿಲ್ಲ. ತುದಿ ಮುಟ್ಟಿ ನೋಡಿ, ಮನೆಯ ಕೊಂಕಣಿಯಲ್ಲಿ ಒಂದೇ ಮಾತು ಹೇಳಿದಳು: "ಪಾಪ, ಬಾಯಾರಿದೆ."

ಅಜ್ಜಿಯ ಮಾತಿಗೆ ವಿಜ್ಞಾನದಲ್ಲೂ ಆಧಾರವಿದೆ ಎಂದು ನನಗೆ ಆಮೇಲೆ ತಿಳಿಯಿತು. ನೆತ್ತಿಯ ಚರ್ಮದಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಿ ಜಾರುಬಂಡೆ ಇಳಿದಂತೆ ಇಳಿದು ತುದಿ ಮುಟ್ಟುತ್ತದೆ. ನಮ್ಮ ಕೂದಲಿನಲ್ಲಿ ಅದು ನಮ್ಮೂರ ಕಡೆಯ ಅರಬೈಲು ಘಟ್ಟ ಇಳಿಯಬೇಕು. ಮೂರನೇ ತಿರುವಿಗೇ ಲಾರಿಯಂತೆ ಬದಿಗೆ ನಿಂತುಬಿಡುತ್ತದೆ. ಹೀಗಾಗಿ ನೆತ್ತಿಯಲ್ಲಿ ಜಿಡ್ಡಿದ್ದರೂ ತುದಿಯಲ್ಲಿ ಬರಗಾಲ. ದಿನಾ ಶಾಂಪೂ ಹಾಕಿದರೆ ಇದ್ದ ಜಿಡ್ಡೂ ಹೋಯಿತು. ವಾರಕ್ಕೊಮ್ಮೆ ತೊಳೆದರೆ ಬೇಕಾದಷ್ಟಾಯಿತು.

ಅಜ್ಜಿಯ ಕ್ರಮ ಸರಳ. ತೊಳೆಯುವ ಮೊದಲು ತೆಂಗಿನೆಣ್ಣೆ. ಶಾಂಪೂ ಬದಲು ದಾಸವಾಳದ ಎಲೆ ಕಿವುಚಿದ ಗೊಂಪು. ಸೀಗೆಕಾಯಿ ಅಪರೂಪಕ್ಕೆ ಮಾತ್ರ, ಏಕೆಂದರೆ ಅದು ಕೊಳೆಯ ಜೊತೆ ಜಿಡ್ಡೆಂಬ ನೆಂಟರನ್ನೂ ಓಡಿಸುತ್ತದೆ. ಕೊನೆಗೆ ಕೂದಲು ಒದ್ದೆಯಿರುವಾಗಲೇ ಮತ್ತೆ ನಾಲ್ಕು ಹನಿ ಎಣ್ಣೆ. "ಎಣ್ಣೆಯಿಂದ ಬಾಯಾರಿಕೆ ಹೋಗೋದಿಲ್ಲ, ಅದು ಬರೀ ಮುಚ್ಚಳ. ಮೊದಲು ಕೊಡಕ್ಕೆ ನೀರು ತುಂಬು, ಆಮೇಲೆ ಮುಚ್ಚು" ಎನ್ನುತ್ತಾಳೆ. ತೊಳೆಯುವ ಮೊದಲು ಅಥವಾ ನಂತರ ಹಚ್ಚಿದ ತೆಂಗಿನೆಣ್ಣೆ ಕೂದಲಿನ ಪ್ರೋಟೀನ್ ಸೋರಿಕೆಯನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆಗಳಿಗೆ ಆ ಗುಣವಿಲ್ಲ ಎಂದು ಮುಂಬೈಯ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದ್ದು 2003ರಲ್ಲಿ. ಉತ್ತರ ಕನ್ನಡದ ಸಿದ್ದಿಗಳನ್ನು ಸರ್ಕಾರ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದೂ ಅದೇ 2003ರಲ್ಲಿ. ಎರಡೂ ಸುದ್ದಿಯನ್ನು ಒಟ್ಟಿಗೆ ಅಜ್ಜಿಗೆ ತಿಳಿಸಿದೆ. "ಇಷ್ಟು ದಿನ ಎಲ್ಲಿಗೆ ಹೋಗಿದ್ರಂತೆ?" ಎಂದಳು.

ಅಜ್ಜಿಯ ಮನೆಯ ಹಿಂದೆ ಹಳ್ಳ, ಅಂಗಳದಲ್ಲಿ ದಾಸವಾಳ. ನಾನಿರುವ ಪಿಜಿಯಲ್ಲಿ ಆರು ಜನಕ್ಕೆ ಒಂದು ಬಚ್ಚಲು. ನಲ್ಲಿಯಲ್ಲಿ ಬರುವುದು ಬಕೆಟ್ಟಿಗೆ ಬಿಳಿ ಗೆರೆ ಬರೆಯುವ ಬೋರ್‌ವೆಲ್ ನೀರು. ಅದೇ ಗೆರೆ ನನ್ನ ತಲೆಯ ಮೇಲೂ ಕೂರುತ್ತದೆಂದು ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ಕ್ಯಾನಿನ ಫಿಲ್ಟರ್ ನೀರು ಹಾಕಿಕೊಳ್ಳುತ್ತೇನೆ. ಕ್ಯಾನಿನ ನೀರು ಇಷ್ಟು ಬೇಗ ಹೇಗೆ ಖಾಲಿಯಾಗುತ್ತದೆ ಎಂಬುದು ನಮ್ಮ ಪಿಜಿ ಆಂಟಿಗೆ ಇನ್ನೂ ಬಿಡಿಸಲಾಗದ ಒಗಟು. ಈ ಪ್ರಬಂಧ ಅವರ ಕಣ್ಣಿಗೆ ಬೀಳದಿರಲಿ.

ದಾಸವಾಳದ ಎಲೆಯನ್ನು ಪಕ್ಕದ ಬೀದಿಯ ಕಾಂಪೌಂಡಿನಿಂದ ನಸುಕಿನಲ್ಲಿ ತರುತ್ತೇನೆ. ಹೂವು ಕದಿಯುವವರನ್ನು ಈ ಊರು ಕಂಡಿದೆ, ಹೂವು ಬಿಟ್ಟು ಎಲೆ ಕೀಳುವವಳನ್ನು ಕಂಡು ಮನೆಯ ಯಜಮಾನರೇ ಗೊಂದಲಗೊಂಡು ಸುಮ್ಮನಾದರು. ಒಂದು ಶನಿವಾರ ಗೊಂಪು ಮಾಡಿ, ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಅರ್ಧ ಇಲ್ಲ. ಶಿರಸಿಯ ನನ್ನ ರೂಮ್‌ಮೇಟ್ ಅದನ್ನು ಒಂದೆಲಗದ ತಂಬುಳಿ ಎಂದುಕೊಂಡು, ಮಜ್ಜಿಗೆ ಬೆರೆಸಿ, ಒಗ್ಗರಣೆ ಕೊಟ್ಟು ಅನ್ನಕ್ಕೆ ಕಲಸಿಕೊಂಡಿದ್ದಳು. "ಉಪ್ಪು ಹಾಕೋದು ಮರ್ತಿದ್ದೆ ನೋಡು" ಎಂದು ನನಗೇ ಬುದ್ಧಿ ಹೇಳಿದಳು. ಏನೂ ಆಗಲಿಲ್ಲ. ಅವಳ ಕೂದಲು ಈಗ ಹೊಳೆಯುತ್ತಿದೆ ಎಂಬ ನನ್ನ ವಾದವನ್ನು ಅವಳು ಒಪ್ಪುವುದಿಲ್ಲ.

ಗೊಂಪಿನ ನಿಜವಾದ ಉಪಕಾರ ಅದರ ಜಾರಿಕೆ. ಅದು ಕೂದಲಲ್ಲಿ ಇರುವಾಗಲೇ ಸಿಕ್ಕು ಬಿಡಿಸಬೇಕು, ಅದೂ ಬೆರಳಿನಿಂದ ಅಥವಾ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರುಮಾಡಿ ಬುಡದ ಕಡೆಗೆ. ಇದನ್ನು ಅಜ್ಜಿ ನನಗೆ ಕಲಿಸಿದ್ದು ಕವಂದಿ ಹೊಲಿಯುತ್ತ ಕೂತಾಗ. ನೀವು ಕೌದಿ ಎನ್ನುತ್ತೀರಲ್ಲ, ಅದನ್ನೇ ನಾವು ಕವಂದಿ ಎನ್ನುತ್ತೇವೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ, ಸುತ್ತು ಸುತ್ತಾಗಿ ಒಳಕ್ಕೆ ಬಂದು ನಡುವಿಗೆ ಮುಗಿಸುತ್ತಾರೆ. "ನಡುವಿನಿಂದ ಶುರು ಮಾಡಿದ್ರೆ ಬಟ್ಟೆ ಮುದ್ದೆ ಆಗ್ತದೆ, ತಲೆನೂ ಅಷ್ಟೆ" ಎಂದಿದ್ದಳು. ಪಾರ್ಲರಿನ ಎರಡು ಬಾಚಣಿಗೆಗಳು ಪ್ರಾಣ ಬಿಟ್ಟಿದ್ದು ಈ ಒಂದು ಮಾತು ಗೊತ್ತಿಲ್ಲದೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ 'ಫುಲಾ' ಎಂಬ ಹೂವು ಕೂರಿಸದಿದ್ದರೆ ಕವಂದಿ ಬತ್ತಲೆ ಎಂದು ಅವಳ ಲೆಕ್ಕ.

ಕಳೆದ ಭಾನುವಾರ ಬಚ್ಚಲ ಬಾಗಿಲು ಮೂರು ಸಲ ಬಡಿಸಿಕೊಂಡು ಹೊರಬಂದೆ. ಕೂದಲನ್ನು ನಾಲ್ಕು ಪಾಲು ಮಾಡಿ, ಎಣ್ಣೆ ಸವರಿ, ಹುರಿ ಹೊಸೆದೆ. ಅಜ್ಜಿಯ ಬುಟ್ಟಿಯಿಂದ ಕದ್ದು ತಂದ ಸೀರೆಯ ಚೂರುಗಳನ್ನು ನಾಲ್ಕು ತುದಿಗೂ ಕಟ್ಟಿದೆ. ವೀಡಿಯೊ ಕಾಲ್ ಮಾಡಿದಾಗ ಅಜ್ಜಿ ಫೋನನ್ನು ಮೂಗಿಗೆ ತಾಗಿಸಿಕೊಂಡು ಬಹಳ ಹೊತ್ತು ನೋಡಿದಳು.

"ಈಗ ಫುಲಾ ಬಂತು," ಎಂದಳು. "ಒಣಗೋದು ಯಾವಾಗ?"

"ಮಂಗಳವಾರ, ಅಜ್ಜಿ."