ಯಾರೂ ಸುಮ್ಮನೆ ಹೇಳುವುದಿಲ್ಲ

ಕನ್ನಡ ಪತ್ರಿಕೆಗಳಲ್ಲಿ ಈಚೆಗೆ ಯಾರೂ ಏನನ್ನೂ ಹೇಳುತ್ತಿಲ್ಲ. ಗಮನಿಸಿದ್ದೀರಾ? ಆಡಳಿತ ಪಕ್ಷದವರು ಗುಡುಗುತ್ತಾರೆ, ವಿರೋಧ ಪಕ್ಷದವರು ಕಿಡಿ ಕಾರುತ್ತಾರೆ. ಮಾಜಿಗಳು ಹರಿಹಾಯುತ್ತಾರೆ, ಹಾಲಿಗಳು ತಿರುಗೇಟು ಕೊಡುತ್ತಾರೆ. ಟಿಕೆಟ್ ಸಿಗದವರು ಬಾಂಬ್ ಸಿಡಿಸುತ್ತಾರೆ, ಸಿಕ್ಕವರು ಟಾಂಗ್ ಕೊಡುತ್ತಾರೆ. ನ್ಯಾಯಾಲಯ ಚಾಟಿ ಬೀಸುತ್ತದೆ. ಆಶೀರ್ವಚನ ಕೊಡಲು ಬಂದ ಸ್ವಾಮಿಗಳು ಕೂಡ, ಪಾಪ, ಮರುದಿನದ ಪತ್ರಿಕೆಯಲ್ಲಿ ಗುಟುರು ಹಾಕಿರುತ್ತಾರೆ. ಇಷ್ಟೊಂದು ಮದ್ದುಗುಂಡಿನ ನಡುವೆ ನಡೆದದ್ದಾದರೂ ಏನು ಎಂದು ಒಳಗಿನ ನಾಲ್ಕು ಸಾಲು ಓದಿದರೆ, ಯಾರೋ ಒಬ್ಬ ಹಿರಿಯರು ಪ್ರವಾಸಿ ಮಂದಿರದ ವರಾಂಡದಲ್ಲಿ ಕಾಫಿ ಹೀರುತ್ತ 'ನೋಡೋಣ, ಹೈಕಮಾಂಡ್ ಏನು ಹೇಳುತ್ತೋ' ಅಂದಿರುತ್ತಾರೆ.

ಈ ಅಬ್ಬರದ ಭಾಷೆ ಪತ್ರಿಕೆಯಲ್ಲಿ, ಟಿವಿಯಲ್ಲಿ ಇದ್ದಷ್ಟು ದಿನ ಅದು ಅವರ ಪಾಡು ಅಂದುಕೊಂಡಿದ್ದೆವು. ಈಗ ಅದು ಅಡುಗೆಮನೆಯ ಹೊಸಿಲು ದಾಟಿದೆ. ನಮ್ಮ ದೊಡ್ಡಮ್ಮ ಮೊದಲೆಲ್ಲ 'ನಿನ್ನ ತಮ್ಮ ಬಂದಿದ್ದ ಕಣೋ, ಕಾಫಿ ಬೇಡ ಅಂದ, ಹೋದ' ಎನ್ನುತ್ತಿದ್ದವರು. ದಿನವಿಡೀ ಸುದ್ದಿವಾಹಿನಿಯ ಮುಂದೆ ಹುರುಳಿಕಾಯಿ ನಾರು ತೆಗೆಯುವ ಅಭ್ಯಾಸವಾದ ಮೇಲೆ ವರದಿಯೇ ಬೇರೆ: 'ಬಂದ. ಹತ್ತು ನಿಮಿಷ ಕೂತ. ಕಾಫಿ ಮುಟ್ಟಲಿಲ್ಲ. ಏನೋ ಇದೆ. ಅವನ ನಡೆ ನನಗೆ ಭಾರೀ ಕುತೂಹಲ ಮೂಡಿಸಿದೆ.' ಅವನಿಗೆ ಅಸಿಡಿಟಿ ಇತ್ತು, ಅಷ್ಟೇ. ಅವರ ಮೊಮ್ಮಗ ಇನ್ನೂ ಒಂದು ಕೈ ಮೇಲು. ಹೆಂಚಿನ ಮೇಲೆ ಹೋಳಿಗೆ ಸೀದು ಹೋದ ಹೊತ್ತಿಗೆ ಸರಿಯಾಗಿ ಲಟ್ಟಣಿಗೆಯನ್ನು ಅಜ್ಜಿಯ ಬಾಯಿಗೆ ಹಿಡಿದು, 'ಅಜ್ಜಿ, ಈ ಸಂದರ್ಭದಲ್ಲಿ ನಿಮಗೆ ಹೇಗನ್ನಿಸ್ತಾ ಇದೆ?' ಎಂದು ಕೇಳಿದ. ಅಜ್ಜಿಗೆ ಏನನ್ನಿಸಿತು ಎನ್ನುವುದನ್ನು ಲಟ್ಟಣಿಗೆ ಕಸಿದುಕೊಂಡು ತೋರಿಸಿದರು.

ನೇರಪ್ರಸಾರದ ವರದಿಗಾರರಿಂದ ನಾಡಿಗೆ ಹರಡಿದ ಇನ್ನೊಂದು ಸೊಗಸು 'ಈ ಒಂದು' ಮತ್ತು 'ಏನಿದೆ'. 'ಈ ಒಂದು ರಸ್ತೆ ಏನಿದೆ, ಈ ಒಂದು ರಸ್ತೆಯಲ್ಲಿ ನೀರು ಏನು ನಿಂತಿದೆ, ಈ ಒಂದು ನೀರಿನಿಂದಾಗಿ ಸಾರ್ವಜನಿಕರು ಏನಿದ್ದಾರೆ...' ಬಡಪಾಯಿಯ ತಪ್ಪಲ್ಲ ಬಿಡಿ. ರಸ್ತೆಯಲ್ಲಿ ನೀರು ನಿಂತಿದೆ ಎನ್ನುವ ಮೂರು ಪದಗಳ ಸುದ್ದಿಯನ್ನು ಎರಡು ನಿಮಿಷ ಎಳೆಯಬೇಕು, ಮಳೆಯಲ್ಲಿ ನೆನೆಯುತ್ತ, ಕಿವಿಯಲ್ಲಿ ಸ್ಟುಡಿಯೋದವರು ಕೂಗುತ್ತಿರುವಾಗ. ನಾಲಿಗೆಗೆ ಊರುಗೋಲು ಬೇಕೇ ಬೇಕು. ಆದರೆ ಮೊನ್ನೆ ಮದುವೆಯೊಂದರಲ್ಲಿ ಪುರೋಹಿತರೇ ಮೈಕು ಹಿಡಿದು 'ಈ ಒಂದು ಮಾಂಗಲ್ಯ ಏನಿದೆ' ಎಂದು ಶುರುಮಾಡಿದಾಗ ನನಗೆ ಗಾಬರಿಯಾಯಿತು. ಈ ಒಂದು ವಧು ಯಾರಿದ್ದಾರೆ ಎನ್ನುವಲ್ಲಿಗೆ ಬಂದರೆ ಗತಿಯೇನು?

ಮಳೆ ಎಂದಾಗ ನೆನಪಾಯಿತು. ನಮ್ಮ ರೈತರಿಗೆ ಮಳೆಯೆಂದರೆ ಒಂದೇ ಮಳೆಯಲ್ಲ. ರೋಹಿಣಿ ಬೇರೆ, ಆರಿದ್ರಾ ಬೇರೆ, ಹುಬ್ಬೆ ಬೇರೆ, ಸ್ವಾತಿ ಬೇರೆ. ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಗಾದೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಎನ್ನುತ್ತಿದ್ದರು. ಟಿವಿಗೆ ಮಾತ್ರ ಮಳೆಗೆ ಒಂದೇ ಗುಣ: ಆರ್ಭಟ. ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಬಟ್ಟೆ ಒದ್ದೆಯಾಗುವಷ್ಟು ಹನಿ ಬಿದ್ದರೂ ವರುಣನ ಆರ್ಭಟಕ್ಕೆ ಸಿಲಿಕಾನ್ ಸಿಟಿ ತತ್ತರ. ಮಳೆ ಬಾರದೆ ಇದ್ದರೆ ವರುಣನ ಮುನಿಸು. ಒಂದು ಸಲವಾದರೂ ಆ ದೇವರು ಸುಮ್ಮನೆ ಬಂದು ಹೋಗುವಂತಿಲ್ಲ.

ಊರುಗಳಿಗೂ ಅಷ್ಟೇ, ಸ್ವಂತ ಹೆಸರು ಹೇಳಿಕೊಳ್ಳುವ ಭಾಗ್ಯವಿಲ್ಲ. ಬೆಳಗಾವಿ ಕುಂದಾನಗರಿ, ದಾವಣಗೆರೆ ಬೆಣ್ಣೆ ನಗರಿ, ವಿಜಯಪುರ ಗುಮ್ಮಟ ನಗರಿ, ಮಂಡ್ಯ ಸಕ್ಕರೆ ನಾಡು. ಕೋಲಾರದ ಗಣಿಗೆ 2001ರಲ್ಲೇ ಬೀಗ ಬಿದ್ದಿದೆ. ಆದರೂ ಅಲ್ಲಿ ಟೊಮೆಟೊ ಬೆಲೆ ಕುಸಿದು ರೈತ ರಸ್ತೆಗೆ ಸುರಿದರೆ ಶೀರ್ಷಿಕೆಯಲ್ಲಿ ಅದು 'ಚಿನ್ನದ ನಾಡಿನಲ್ಲಿ' ಸುರಿದದ್ದು. ಆ ರೈತನಿಗೆ ಇದಕ್ಕಿಂತ ಕುಹಕದ ಮಾತು ಬೇರೆ ಬೇಕೆ?

ಈ ಉಬ್ಬರ ಎಲ್ಲಿಂದ ಬಂತು ಎಂದು ಯೋಚಿಸಿದರೆ ನನಗೆ ಹೊಳೆಯುವುದು ಒಂದೇ ಕಾರಣ. ಮಾತಿಗೆ ಖರ್ಚಿದ್ದ ಕಾಲದಲ್ಲಿ ಮಾತು ಬಿಗಿಯಾಗಿತ್ತು. ಟೆಲಿಗ್ರಾಂ ಕಾಲವನ್ನು ಕಂಡವರನ್ನು ಕೇಳಿ. ಪದಕ್ಕೆ ಇಷ್ಟು ಎಂದು ದುಡ್ಡು ಎಣಿಸಿ ಕೊಡಬೇಕು. ಮಹಾ ವಾಚಾಳಿ ಮಾವನೂ ಅಂಚೆ ಕಚೇರಿಯ ಕಿಟಕಿಯ ಮುಂದೆ ಮೌನಿ. 'ಅಮ್ಮ ಸೀರಿಯಸ್, ಕೂಡಲೇ ಹೊರಡು.' ಮುಗಿಯಿತು. ಎಷ್ಟು ಬಿಗಿಯೋ ಅಷ್ಟೇ ಸುಳ್ಳೂ ಆಗಿರುತ್ತಿತ್ತು ಎನ್ನುವುದು ಬೇರೆ ಮಾತು. ಆಫೀಸಿನಲ್ಲಿ ರಜೆ ಸಿಗಲೆಂದು ತರಿಸಿಕೊಂಡ ಟೆಲಿಗ್ರಾಂಗಳಲ್ಲಿ ಎಷ್ಟು ತಾಯಂದಿರು ವರ್ಷಕ್ಕೆರಡು ಸಲ ಸೀರಿಯಸ್ ಆದರೋ! 2013ರ ಜುಲೈನಲ್ಲಿ ಆ ಸೇವೆಯೇ ನಿಂತಿತು. ಅಮ್ಮಂದಿರ ಆರೋಗ್ಯ ಸುಧಾರಿಸಿರಬೇಕು.

ಇನ್ನೂ ಹಿಂದಕ್ಕೆ ಹೋದರೆ 1843ರ ಜುಲೈ 1. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ. ಕಲ್ಲಚ್ಚಿನ ಪತ್ರಿಕೆ, ಹದಿನೈದು ದಿನಕ್ಕೊಂದು, ಬೆಲೆ ಒಂದು ದುಡ್ಡು. ಅಕ್ಷರಗಳನ್ನೆಲ್ಲ ಕೈಯಲ್ಲೇ ಬರೆದು ಕಲ್ಲಿಗೆ ಇಳಿಸಬೇಕಾದವನಿಗೆ 'ಬಿಗ್ ಬ್ರೇಕಿಂಗ್' ಎಂದು ಬರೆಯುವ ಉತ್ಸಾಹ ಎಲ್ಲಿಂದ ಬರಬೇಕು? ಅಲ್ಲದೆ ಹದಿನೈದು ದಿನದಲ್ಲಿ ಎಂಥ ಕಿಡಿಯೂ ಆರಿ ಬೂದಿಯಾಗಿರುತ್ತದೆ. ಬೂದಿಯಲ್ಲಿ ಏನು ಉಳಿಯಿತೋ ಅದೇ ಸುದ್ದಿ.

ರೇಡಿಯೋ ನಮ್ಮ ಕಡೆ ಶುರುವಾದದ್ದೂ ಸ್ವಾರಸ್ಯದ ಕಥೆ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದವರು ಎಂ.ವಿ. ಗೋಪಾಲಸ್ವಾಮಿ. ಅವರೇನು ಎಂಜಿನಿಯರರೆ? ಅಲ್ಲ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. ಇವತ್ತಿನ ರಾತ್ರಿ ಒಂಬತ್ತರ ಚರ್ಚೆಗಳನ್ನು ನೋಡಿದಾಗಲೆಲ್ಲ ಅದೆಷ್ಟು ಸರಿಯಾಗಿತ್ತು ಅನ್ನಿಸುತ್ತದೆ, ಈ ಕಸುಬಿನಲ್ಲಿ ಒಬ್ಬರಾದರೂ ಮನಶ್ಶಾಸ್ತ್ರಜ್ಞರು ಇರಲೇಬೇಕು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ದೇಶವೇ ತೆಗೆದುಕೊಂಡಿತು. 1950ರಲ್ಲಿ ಧಾರವಾಡದ ಕೇಂದ್ರ ಶುರುವಾಯಿತು, ನಾಟಕಗಳಲ್ಲಿ, ರೈತರ ಕಾರ್ಯಕ್ರಮಗಳಲ್ಲಿ ಅತ್ತಲಿನ ಕನ್ನಡ ಎದೆಯುಬ್ಬಿಸಿಕೊಂಡು ಕೂತಿತು. ಎನ್ಕೆಯವರಂಥ ನಗೆಬರಹಗಾರರೇ ಅಲ್ಲಿ ನೌಕರಿಯಲ್ಲಿದ್ದರು. ಈಗಿನ ವಾಹಿನಿಗಳಲ್ಲಿ ನಗೆಬರಹಗಾರರಿಗೆ ಕೆಲಸವಿಲ್ಲ, ಸುದ್ದಿವಿಭಾಗದವರೇ ಅದನ್ನೂ ನೋಡಿಕೊಳ್ಳುತ್ತಾರೆ.

ರೇಡಿಯೋದಲ್ಲಿ ವಾರ್ತೆ ಓದುವವರ ದನಿಗೆ ಏರಿಳಿತವೇ ಇರಲಿಲ್ಲ. ಯುದ್ಧವಾಗಲಿ, ನೆರೆಯಾಗಲಿ, ಸುನಿಲ್ ಗವಾಸ್ಕರ್ ಸೊನ್ನೆಗೆ ಔಟಾಗಲಿ, ಎಲ್ಲಕ್ಕೂ ಒಂದೇ ಶ್ರುತಿ. ಗಾಬರಿಯಾಗಬೇಕೋ ಬೇಡವೋ ಎನ್ನುವುದನ್ನು ಕೇಳುಗನೇ ತೀರ್ಮಾನಿಸಿಕೊಳ್ಳಬೇಕು. ವಾರ್ತೆಯ ಹೊತ್ತಿಗೆ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು, ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಹಾಗೆಂದು ನಾನು ಆ ಕಾಲಕ್ಕೆ ಆರತಿ ಎತ್ತುತ್ತಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಅದೇ ತಣ್ಣನೆಯ ದನಿ ದೇಶದಲ್ಲಿ ಎಲ್ಲವೂ ಸುಸೂತ್ರ ಎಂದು ಓದಿತು, ಜನ ಜೈಲಿನಲ್ಲಿದ್ದಾಗ. ಸರಕಾರದ ಸುಳ್ಳಿಗೆ ಕೂಗಾಟ ಬೇಕಿರಲಿಲ್ಲ. ಆದರೆ ಕೂಗಿದ್ದೇ ನಿಜ ಎಂಬ ನಂಬಿಕೆಯಂತೂ ಆಗ ಯಾರಿಗೂ ಇರಲಿಲ್ಲ.

ಇಪ್ಪತ್ತನಾಲ್ಕು ಗಂಟೆಯ ವಾಹಿನಿಗಳು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಮಾತು ಪುಕ್ಕಟೆ, ಹೊತ್ತು ವಿಪರೀತ. ನಾಡಿನಲ್ಲಿ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಾಗುವಷ್ಟು ಸುದ್ದಿ ಹುಟ್ಟುವುದಿಲ್ಲ, ಹುಟ್ಟಬಾರದು ಕೂಡ. ಇರುವ ಒಂದು ಲೋಟ ಮೊಸರಿನಲ್ಲಿ ಊರಿಗೆಲ್ಲ ಮಜ್ಜಿಗೆ ಮಾಡುವ ಕೆಲಸ ಅದು, ನೀರು ಸಾಲದಾದಾಗ ಮಸಾಲೆ. ಇದಕ್ಕೆಲ್ಲ ಟಿಆರ್‌ಪಿ ಕಾರಣ ಎಂದು ವಾಹಿನಿಯ ಗೆಳೆಯರು ಹೇಳುತ್ತಾರೆ. ನಾನೂ ನಂಬಿದ್ದೆ. ಆದರೆ 2020ರ ಅಕ್ಟೋಬರಿನಲ್ಲಿ ಸುದ್ದಿವಾಹಿನಿಗಳ ರೇಟಿಂಗ್ ಪ್ರಕಟಣೆಯನ್ನೇ ನಿಲ್ಲಿಸಿದರು, ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಅಷ್ಟು ತಿಂಗಳು ಯಾರಿಗೂ ವಾರವಾರದ ಅಂಕಪಟ್ಟಿ ಇರಲಿಲ್ಲ. ಯಾರಾದರೂ ದನಿ ತಗ್ಗಿಸಿದರೇ? ಪರೀಕ್ಷೆ ರದ್ದಾದರೂ ಉರು ಹೊಡೆಯುವುದು ನಿಲ್ಲಲಿಲ್ಲ. ರೂಢಿಯಾಗಿಹೋಗಿತ್ತು, ಅವರಿಗೂ ನಮಗೂ.

2012ರ ಡಿಸೆಂಬರಿನಲ್ಲಿ ನಮ್ಮ ಟಿವಿಗಳು ಪ್ರಳಯವನ್ನು ಕರೆದು ಕೂರಿಸಿದ್ದು ನೆನಪಿದೆಯೆ? ಮಾಯನ್ನರ ಪಂಚಾಂಗ ಮುಗಿಯುತ್ತದೆ, ಆದ್ದರಿಂದ ಭೂಮಿಯೂ ಮುಗಿಯುತ್ತದೆ. ಮನೆಯ ಗೋಡೆಯ ಕ್ಯಾಲೆಂಡರು ವರ್ಷವರ್ಷವೂ ಮುಗಿಯುವುದನ್ನು ಕಂಡ ಜನ ಇದನ್ನು ನಂಬಿದರು. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಮಂಗಳೂರು, ಕೊಡಗಿನ ಕಡೆಯವರಿಗೆ ಆಕಾಶದಲ್ಲಿ ಬಂಗಾರದ ಬಳೆ ಕಂಡಿತು. ಉಳಿದ ಬಹುಪಾಲು ಕರ್ನಾಟಕ ಕಿಟಕಿ ಮುಚ್ಚಿ, ತಟ್ಟೆ ಬದಿಗಿಟ್ಟು, ಪರದೆಯ ಮೇಲೆ ಜ್ಯೋತಿಷಿಗಳು ಯಾವ ರಾಶಿಗೆ ಎಷ್ಟು ಗಂಡಾಂತರ ಎಂದು ಹಂಚುವುದನ್ನು ನೋಡುತ್ತಿತ್ತು. ಕಲಬುರಗಿಯ ಹತ್ತಿರ ಅಂಗವೈಕಲ್ಯ ವಾಸಿಯಾಗುತ್ತದೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಸೂರ್ಯನನ್ನು ನೋಡಲು ಗ್ರಹಣದ ಕನ್ನಡಕ ಹಾಕಿ ತಲೆ ಎತ್ತಬೇಕಿತ್ತು, ಅಷ್ಟೇ.

ಇನ್ನು ವಾಟ್ಸ್ಯಾಪ್. ನಮ್ಮ ಬಡಾವಣೆಯ ಗುಂಪಿನಲ್ಲಿ ನೀರಿನ ಟ್ಯಾಂಕರು ಅರ್ಧ ಗಂಟೆ ತಡವಾದರೂ 'ಶಾಕಿಂಗ್' ಎಂದೇ ಶುರು, ಮೂರು ಕೆಂಪು ದೀಪದ ಚಿತ್ರ ಬೇರೆ. ನಗುತ್ತ ಇದ್ದುಬಿಡಬಹುದಿತ್ತು. ಆದರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಮೊಬೈಲಿನಿಂದ ಮೊಬೈಲಿಗೆ ಹಾರಿದ ಸುಳ್ಳನ್ನು ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಆ ತಿಂಗಳೇ ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕಿತು. ಎಚ್ಚರ ಎಚ್ಚರ ಎಂದು ದಿನಕ್ಕೆ ನೂರು ಸಲ ಕೂಗಿಸಿಕೊಂಡ ಕಿವಿಗೆ ಯಾವುದು ನಿಜವಾದ ಎಚ್ಚರ ಎಂದು ಗೊತ್ತಾಗುವುದು ಹೇಗೆ?

ಇಷ್ಟಾದರೂ ಪೂರಾ ತಪ್ಪು ಪತ್ರಿಕೆ, ವಾಹಿನಿಯವರದೇ ಎನ್ನಲಾರೆ. ಅವರು ಕಿಡಿ ಕಾರುವುದನ್ನು ನಿಲ್ಲಿಸಿದರೆ ನಾವು ಕಾರದವನ ಕಡೆ ತಿರುಗಿಯೂ ನೋಡುವುದಿಲ್ಲ. 'ಸಚಿವರು ಕೆರೆ ಹೂಳೆತ್ತುವ ಕಾಮಗಾರಿಯನ್ನು ಪರಿಶೀಲಿಸಿದರು' ಎಂಬ ಸುದ್ದಿಯನ್ನು ಈ ವರ್ಷ ಪೂರ್ತಿಯಾಗಿ ಓದಿದವರು ಕೈ ಎತ್ತಿ. ಯಾರೂ ಇಲ್ಲ. ಅದೇ ಸಚಿವರು ಕೆರೆಯ ಏರಿಯ ಮೇಲೆ ಜಾರಿದ್ದರೆ ಆ ವಿಡಿಯೋ ಇಷ್ಟು ಹೊತ್ತಿಗೆ ನನ್ನಿಂದಲೇ ನಿಮಗೆ ಬಂದಿರುತ್ತಿತ್ತು.

ಆಕಾಶವಾಣಿಯ ಪ್ರದೇಶ ಸಮಾಚಾರ ಈಗಲೂ ಬರುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಯಾರೂ ಗುಡುಗುವುದಿಲ್ಲ, ಹಿಂದೆ ಡೋಲು ಬಡಿಯುವುದಿಲ್ಲ, ಹೇಗನ್ನಿಸ್ತಾ ಇದೆ ಎಂದು ಯಾರನ್ನೂ ಕೇಳುವುದಿಲ್ಲ. ಒಂದು ವಾರ ಕೇಳಿ ನೋಡಿ. ಮೊದಲೆರಡು ದಿನ ನಿದ್ದೆ ಬಂದರೆ ನನ್ನನ್ನು ಬೈಯಬೇಡಿ, ಸುದ್ದಿ ಕೇಳಿ ನಿದ್ದೆ ಬರುವುದು ಈಗಿನ ಕಾಲಕ್ಕೆ ಸಣ್ಣ ಲಾಭವೇನಲ್ಲ.